ಮಗಳ ಆಫೀಸಿನ ಮಂದಿ ಒಂದ ಕಡೆ ಕೂಡಿದ್ದು

ನನ್ನ ಮಗಳ ಆಫೀಸು ಅಂದ್ರ ಧಾರವಾಡದಾಗ ನಮ್ಮ ಮನಿ ಮ್ಯಾಲಿನ ಖೋಲಿ. ಕಂಪನಿ ಅಮೇರಿಕಾದ್ದು. ಆಕಿ ತಂಡದಾಗ ಇರೋ ಎಂಟು ಮಂದಿ ಏಳು ಊರಾಗ ಕುಂತು ಕೆಲಸ ಮಾಡ್ತಾರ. ಸಿಯಾಟಲ್, ಸಾವ್ ಪಾವ್ಲೊ, ನೈರೋಬಿ, ವಾರ್ಸಾ, ಹನೋಯ್‌ದಾಗ ಒಬ್ಬೊಬ್ಬರು, ಬರ್ಲಿನ್ನಿನಾಗ ಇಬ್ಬರು, ಇಲ್ಲೆ ನಮ್ಮಾಕಿ. ವಾರಕ್ಕ ಎರಡು ಸಲ ರಾತ್ರಿ ಎಂಟೂವರಿಗೆ ಎಲ್ಲಾರೂ ಸ್ಕ್ರೀನ್ ಮ್ಯಾಲೆ ಕೂಡ್ತಾರ. ನಮಗ ಎಂಟೂವರಿ ಆದ್ರ ಬ್ರೆಜಿಲ್ಲಿನವಗ ಮಧ್ಯಾಹ್ನ ಹನ್ನೆರಡು, ಕೆನ್ಯಾದವಗ ಸಂಜಿ ಆರು, ಹನೋಯಿನಾಕಿಗೆ ರಾತ್ರಿ ಹತ್ತು, ಸಿಯಾಟಲ್‌ನ ಬಾಸ್ ಬಾಯಾರಿಗೆ ಮುಂಜಾನೆ ಏಳು. ಇದು ಚಳಿಗಾಲದ ಲೆಕ್ಕ ಮತ್ತ, ಬ್ಯಾಸಗ್ಯಾಗ ಅವರು ಕೆಲವರು ಗಡಿಯಾರನ ತಿರುವ್ತಾರ. ಆ ತಾಸಿನಾಗ ನಮ್ಮನ್ಯಾಗ ಕುಕ್ಕರ್ ಸೀಟಿ ಹೊಡಿಯಂಗಿಲ್ಲ, ಮಿಕ್ಸಿ ತಿರಗಂಗಿಲ್ಲ.

ಹಿಂಗ ದೂರ ದೂರ ಕುಂತ ಮಂದಿನ್ನ ಆಗಾಗ ಒಂದು ವಾರ ಒಂದ ಊರಾಗ ಕೂಡಸೋದು ಕಂಪನಿ ಪದ್ಧತಿ. ರಿಟ್ರೀಟ್ ಅಂತಾರ ಅದಕ್ಕ. ನಮ್ಮನಿಯವರು, "ರಿಟ್ರೀಟ್ ಅಂದ್ರ ಸೈನ್ಯ ಹಿಂದ ಸರಿಯೋದಲ್ಲೇನು?" ಅಂತ ಕೇಳಿ ಬೈಸಿಕೊಂಡ್ರು.

2023ರಾಗ ಯುರೋಪಿನ ಸಮುದ್ರದಂಡಿ ಒಂದು ಊರಾಗ ಕೂಡೋದು ಅಂತ ಗೊತ್ತಾಗಿತ್ತು. ಜರ್ಮನಿ, ಪೋಲೆಂಡಿನವರಿಗೆ ಅದು ಮನಿ ಅಂಗಳ ಇದ್ದಂಗ. ಅಮೇರಿಕಾ, ಬ್ರೆಜಿಲ್ಲಿನವರಿಗೂ ಪಾಸ್‌ಪೋರ್ಟ್ ಇದ್ರ ಸಾಕು. ನಮ್ಮಾಕಿಗೆ, ಕೆನ್ಯಾದ ಹುಡುಗಗ, ಹನೋಯಿನಾಕಿಗೆ ಮಾತ್ರ ಶೆಂಗೆನ್ ವೀಸಾ ಬೇಕು. ನಾ ಮೊದಲು ಅದನ್ನ ಶೇಂಗಾ ವೀಸಾ ಅಂತನ ಕೇಳಿಸ್ಕೊಂಡಿದ್ದೆ. (ಶೇಂಗಾದ ಮಾತು ಮುಂದ ಬರ್ತದ, ತಡೀರಿ.) ಕಂಪನಿ ಪತ್ರ, ಬ್ಯಾಂಕಿನ ಕಾಗದ, 30,000 ಯೂರೋಕ್ಕ ಕಡಿಮಿ ಇಲ್ಲದ ವಿಮಾ, ಹೋಗಿ ಬರೋ ಟಿಕೀಟು, ಎಲ್ಲಾ ಹೊಂದಿಸಿ ಫೈಲು ಮಾಡಿದ್ಲು. ಆದ್ರ ಆ ಫೈಲು ಕೊಡಲಿಕ್ಕೆ ತಾರೀಖನ ಸಿಗಲಿಲ್ಲ. ಸಿಕ್ಕ ತಾರೀಖು ರಿಟ್ರೀಟ್ ಮುಗದ ಮರುವಾರದ್ದು. ಹನೋಯಿನಾಕಿ ಹೋದ್ಲು, ನಮ್ಮಾಕಿ ಮತ್ತ ಕೆನ್ಯಾದ ಹುಡುಗ ಉಳದ್ರು.

ಆ ವಾರ ಅವರೆಲ್ಲಾ ಊಟದ ಟೇಬಲ್ ತುದಿಗೆ ಒಂದು ಲ್ಯಾಪ್‌ಟಾಪ್ ಇಟ್ಟು ಇವರಿಬ್ಬರಿಗೂ ಕಾಣೂ ಹಂಗ ಮಾಡಿದ್ರಂತ. ಪ್ರೀತಿಲೇನ ಮಾಡ್ಯಾರ, ನಾ ಅವರಿಗೇನೂ ಅನ್ನಂಗಿಲ್ಲ. ಆದ್ರ ಅವರ ನಗು ನೆಟ್‌ವರ್ಕಿನಾಗ ಅರ್ಧಕ್ಕ ನಿಂತ ಒಂದು ರಾತ್ರಿ ಈಕಿ ಕೆಳಗ ಇಳದು ಬಂದು ಅಡಗಿಮನಿ ಕಟ್ಟಿಗೆ ಆನಿಕೊಂಡು ನಿಂತ್ಲು. "ಅವ್ವಾ, ಈ ಕೆಲಸ ಬಿಡ್ತೀನಿ. ಅವರಿಗೆ ನಾನಂದ್ರ ಸ್ಕ್ರೀನಿನಾಗ ಒಂದು ಚೌಕ, ಅಷ್ಟ" ಅಂದ್ಲು. ನಾ ತಾಟು ಹಾಕಿದೆ. ಒಂದ ರೊಟ್ಟಿ ತಿಂದು ಎದ್ದ್ಲು.

ಅದಕ್ಕ 2024ರ ಜುಲೈದಾಗ ಬಾಸ್ ಬಾಯಾರು, "ಮುಂದಿನ ರಿಟ್ರೀಟ್ ನೀನ ಗೊತ್ತು ಮಾಡು, ಊರು ನಿನಗ ಬಿಟ್ಟದ್ದು" ಅಂದಾಗ ಆಕಿಕಿಂತ ನನಗ ಹುರುಪು ಬಂತು. ಮೂರು ನಾದಿನಿಯರ ಲಗ್ನ, ಒಬ್ಬ ಮೈದುನನ ಮುಂಜಿವಿ, ಅತ್ತಿಯವರ ಸಹಸ್ರಚಂದ್ರ ದರ್ಶನ ಶಾಂತಿ ಮಾಡಿದ ಕೈ ಇದು. ಎಂಟು ಮಂದಿ ಏನು ಮಹಾ!

ಆಕಿ ಲ್ಯಾಪ್‌ಟಾಪಿನಾಗ ಚೊಲೊ ಚೊಲೊ ಹೊಟೇಲ್ ನೋಡಕೋತ ಕುಂತಿದ್ಲು. ನಾ ಕೇಳಿದೆ, "ಮೊದಲು ಇದನ್ನ ಹೇಳು, ಬರಲಿಕ್ಕೆ ಎಲ್ಲಾರಕಿಂತ ಕಷ್ಟ ಯಾರಿಗದ?" ನಮ್ಮ ಕಡೆ ಲಗ್ನದ ತಾರೀಖ ಹಿಡಿಯೋ ಮುಂದ ಬಾಣಂತಿ ಯಾರಿದ್ದಾರ, ಪರೀಕ್ಷಾ ಯಾವ ಮಕ್ಕಳಿಗದ, ಮೊಣಕಾಲು ನೋಯೋ ಕಾಕು ಆ ಕಾರ್ಯಾಲಯದ ಮೆಟ್ಟಲಾ ಹತ್ತತಾರೋ ಇಲ್ಲೋ, ಇದನ್ನ ಮೊದಲು ನೋಡ್ತೀವಿ. ಗಟ್ಟಿ ಇದ್ದವರು ಹೆಂಗೂ ಬರ್ತಾರ. ಆಕಿ ಹೋಟೆಲ್ಲಿನ ಪುಟ ಮುಚ್ಚಿ ಎಂಟು ಪಾಸ್‌ಪೋರ್ಟಿನ ಪಟ್ಟಿ ಬರದ್ಲು. ನಮ್ಮ ದೇಶಕ್ಕ ಬರೋದಾದ್ರ ಆ ಏಳೂ ಮಂದಿಗೆ ವೀಸಾ ಆನ್‌ಲೈನಿನಾಗ ಸಿಗ್ತದ, ಕಚೇರಿ ಮುಂದ ಪಾಳಿ ಹಚ್ಚಬೇಕಿಲ್ಲ. ಮೀಟಿಂಗಿಗೆ ಬರೋವರು ಬಿಸಿನೆಸ್ ವೀಸಾನ ತೊಗೋಬೇಕು, ಅಷ್ಟ. ಹಂಗಾಗಿ ಗೋವಾ ಅಂತ ಆತು. ನಮಗ ನಾಕು ತಾಸಿನ ದಾರಿ.

ಒಂದು ತೊಡಕಿತ್ತು. ಕೆನ್ಯಾ ಮತ್ತ ಬ್ರೆಜಿಲ್‌ನಿಂದ ಭಾರತಕ್ಕ ಬರೋವರು ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡು, ಅದರ ಹಳದಿ ಪುಸ್ತಕ ಕೈಯಾಗ ಹಿಡಕೊಂಡು ಬರಬೇಕು. ಹಾಕಿಸ್ಕೊಂಡು ಹತ್ತು ದಿನ ಆಗಿರಬೇಕು. ಇಲ್ಲಂದ್ರ ಆರು ದಿನದ ತನಕ ಬ್ಯಾರೆ ಕಡೆ ಇಟ್ಟಬಿಡ್ತಾರ, ಅಂದ್ರ ರಿಟ್ರೀಟ್ ಅಲ್ಲೇ ಮುಗೀತು. ಕೆನ್ಯಾದ ಹುಡುಗಗ ಈ ಮಾತು ನಾಕು ತಿಂಗಳ ಮೊದಲ ಹೇಳಿದ್ಲು, ಆಮ್ಯಾಲೆ ತಿಂಗಳಿಗೊಮ್ಮೆ ನೆನಪು ಮಾಡಿದ್ಲು. ಅವಾ ಪುಸ್ತಕದ ಫೋಟೋ ಕಳಿಸಿದ ದಿನ ನಾ ದೇವರಿಗೆ ಸಕ್ರಿ ಇಟ್ಟೆ.

ಇನ್ನ ತಾರೀಖು. ಗ್ವಾಡಿ ಕ್ಯಾಲೆಂಡರ್ ತಗದು ಊಟದ ಟೇಬಲ್ ಮ್ಯಾಲೆ ಹರವಿಕೊಂಡ್ವಿ. ಮಳಿಗಾಲ ಬ್ಯಾಡ. ಅಕ್ಟೋಬರದಾಗ ದಸರಾ, ದೀಪಾವಳಿ, ನಾ ಆಕಿನ್ನ ಬಿಡಂಗಿಲ್ಲ. ನವೆಂಬರ್ 21ರಿಂದ ಜನೆವರಿ 5ರ ತನಕ ಹಳೇ ಗೋವಾದಾಗ ಸಂತ ಫ್ರಾನ್ಸಿಸ್ ಝೇವಿಯರ್ ಅವರ ಅವಶೇಷದ ದರ್ಶನ. ಅದು ಹತ್ತು ವರ್ಷಕ್ಕೊಮ್ಮೆ ಆಗೋದು, ಅದರಾಗ ಕ್ರಿಸ್‌ಮಸ್ ಬ್ಯಾರೆ ಕೂಡಿತ್ತು, ಖೋಲಿ ಬಾಡಿಗಿ ಕೇಳೂ ಹಂಗಿರಲಿಲ್ಲ. ಜನೆವರಿ 29ಕ್ಕ ಹನೋಯಿನಾಕಿಗೆ ತೆತ್, ಅವರ ಹೊಸ ವರ್ಷ. ಮಾರ್ಚದಾಗ ರಮಜಾನ್, ಬರ್ಲಿನ್ನಿನ ಒಬ್ಬ ರೋಜಾ ಹಿಡೀತಾನ. ಅದ ವಾರ ಬ್ರೆಜಿಲ್ಲಿನವಗ ಕಾರ್ನಿವಾಲ್. ನಡುವ ಉಳದದ್ದು ಸಂಕ್ರಮಣ ಆದ ಮ್ಯಾಲಿನ ವಾರ, ಜನೆವರಿ 20ರಿಂದ 24. ಜನೆವರಿ 26ರ ಸೂಟಿಯ ಗದ್ದಲ ಶುರು ಆಗೋದ್ರಾಗ ಎಲ್ಲಾರೂ ವಿಮಾನ ಹತ್ತಬೇಕು. ನಮ್ಮನಿಯವರು ಪಂಚಾಂಗ ತಗದು ರಾಹುಕಾಲ ನೋಡಲಿಕ್ಕೆ ಹೊಂಟಿದ್ರು, ಆಕಿ ಕಸಕೊಂಡ್ಲು.

ಇನ್ನೊಂದು ಮಾತು ಹೇಳೇ ಬಿಡ್ತೀನಿ, ಯಾರಾದ್ರೂ ಗೋವಾಕ್ಕ ಮಂದಿನ್ನ ಕರಿಯೋವರಿದ್ರ ಉಪಯೋಗ ಆದೀತು. ಅಲ್ಲೆ ಈಗ ಎರಡು ವಿಮಾನ ನಿಲ್ದಾಣ. ದಾಬೋಲಿಮ್ ಹಳೇದು, ಮೋಪಾ 2023ರಾಗ ಶುರು ಆದದ್ದು. ಹುಬ್ಬಳ್ಳಿಯಾಗ ಹಳೇ ಬಸ್‌ಸ್ಟ್ಯಾಂಡೋ ಹೊಸಾ ಬಸ್‌ಸ್ಟ್ಯಾಂಡೋ ಅಂತ ಕೇಳದ ಬಂದವರು ಪಡೋ ಪಾಡು ನಿಮಗ ಗೊತ್ತದಲ್ಲ? ಇದು ಅದರ ಹತ್ತು ಪಟ್ಟು. ಮೋಪಾ ಉತ್ತರದ ತುದಿಗದ, ಇವರ ಹೋಟೆಲ್ ದಕ್ಷಿಣ ಗೋವಾದಾಗ. ಟಿಕೀಟು ತಗಿಯೋ ಮೊದಲ ಎಲ್ಲಾರಿಗೂ ದಾಬೋಲಿಮ್ ಅಂತ ಬರದು ಕಳಿಸಿದ್ಲು.

ಆಮ್ಯಾಲೆ ಆಕಿ ವಾರದ ವೇಳಾಪಟ್ಟಿ ಮಾಡಿ ತೋರಿಸಿದ್ಲು. ಮುಂಜಾನೆ ಒಂಬತ್ತರಿಂದ ಸಂಜಿ ಆರರ ತನಕ ಬರೇ ಮೀಟಿಂಗ್, ಊಟಕ್ಕ ಮುಕ್ಕಾಲು ತಾಸು. ನಾ ಅಂದೆ, "ಇದನ್ನ ಸ್ಕ್ರೀನಿನಾಗ ದಿನಾ ಮಾಡ್ತೀರಲ್ಲ, ಇದಕ್ಕ ಇಷ್ಟು ರೊಕ್ಕ ಕೊಟ್ಟು ಹಾರಿ ಬರಬೇಕಾ?" ಬ್ಯಾಸಗ್ಯಾಗ ಓಣಿ ಹೆಣ್ಣಮಕ್ಕಳೆಲ್ಲಾ ಕೂಡಿ ಶಾವಿಗಿ ಹೊಸೀತಿದ್ವಿ, ಆಕಿ ಸಣ್ಣಾಕಿದ್ದಾಗ ನೋಡ್ಯಾಳ. ಕೈ ಶಾವಿಗಿ ಮ್ಯಾಲಿರ್ತಿತ್ತು, ಬಾಯಿ ಊರ ಮ್ಯಾಲೆ. ಯಾರ ಮನ್ಯಾಗ ಏನು ಕಷ್ಟ, ಯಾರಿಗೆ ಯಾರ ಮ್ಯಾಲೆ ಸಿಟ್ಟು, ಎಲ್ಲಾ ಹೊರಗ ಬರ್ತಿತ್ತು. "ಇಂತಿಷ್ಟು ಗಂಟೆಗೆ ಸಿಟ್ಟಿನ ಬಗ್ಗೆ ಚರ್ಚೆ" ಅಂತ ಯಾರೂ ಹಲಗಿ ಮ್ಯಾಲೆ ಬರೀತಿದ್ದಿಲ್ಲ.

ಆಕಿ ನಕ್ಕ್ಲು, ಖರೆ ಪಟ್ಟಿ ಬದಲು ಮಾಡಿದ್ಲು. ಮೊದಲನೇ ದಿನ ಏನೂ ಇಲ್ಲ, ನಿದ್ದಿ. ಸಾವ್ ಪಾವ್ಲೊದವಗ ನಮಗೂ ಎಂಟೂವರಿ ತಾಸಿನ ಫರಕು, ನಮ್ಮ ಮುಂಜಾನೆ ಅವಗ ಅರ್ಧರಾತ್ರಿ. ಆಮ್ಯಾಲೆ ಮುಂಜಾನೆ ಮೂರು ತಾಸು ಕೆಲಸ, ಮಧ್ಯಾಹ್ನ ಖಾಲಿ. ಪ್ರತಿಯೊಬ್ಬರಿಗೂ ಬ್ಯಾರೆ ಖೋಲಿ, ಇದನ್ನ ನಾನ ಹಟ ಹಿಡದು ಹೇಳಿದ್ದು. ದಿನಾ ಒಬ್ಬರ ಕುಂತು ಕೆಲಸ ಮಾಡೋ ಮಂದಿಗೆ ಬಾಗಲಾ ಹಾಕ್ಕೊಳ್ಳಲಿಕ್ಕೆ ಒಂದು ಜಾಗಾ ಬೇಕು. ಕಂಪನಿ ಮೊದಲು ಖರ್ಚು ಅಂತು, ಆಮ್ಯಾಲೆ ಹ್ಞೂಂ ಅಂತು.

ಗುರುವಾರ, 23ಕ್ಕ, ಎಲ್ಲಾರೂ ಅನಮೋಡ ಘಟ್ಟ ಹತ್ತಿ ನಮ್ಮನಿಗೆ ಊಟಕ್ಕ ಬರೋದು ಅಂತ ಆತು. ಇಲ್ಲೇ ಶೇಂಗಾ ಬಂತು ನೋಡ್ರಿ.

ಊಟದ ಬಗ್ಗೆ ಎಲ್ಲಾರಿಗೂ ಪ್ರಶ್ನೆ ಕಳಿಸಿದ್ಲಲ್ಲ, ವಾರ್ಸಾದ ಹುಡುಗಿ ಸಣ್ಣದಾಗಿ "ಶೇಂಗಾ ಬ್ಯಾಡ" ಅಂತ ಬರದಿದ್ಲು. ಬ್ಯಾಡ ಅನ್ನೋದ್ರಾಗ ಮೂರು ನಮೂನಿ ಇರ್ತಾವ. ಸೇರೂದಿಲ್ಲ ಅನ್ನೋದು ಒಂದು, ಧರ್ಮಕ್ಕ ಬಿಟ್ಟದ್ದು ಒಂದು, ತಿಂದ್ರ ಜೀವಕ್ಕ ಮುಟ್ಟೋದು ಒಂದು. ಯಾವದು ಅಂತ ಫೋನ್ ಮಾಡಿ ಕೇಳು ಅಂದೆ. ಮೂರನೇದು. ಪುಡಿ ತಾಗಿದ ಚಮಚಾ ಸಾಕಂತ, ಗಂಟಲು ಕಟ್ಟಿ ಉಸಿರು ಹೋಗೂ ಹಂಗ ಆಗ್ತದ. ಅಡ್ರಿನಾಲಿನ್ ಇಂಜೆಕ್ಷನ್ ಪೆನ್ನು ಯಾವಾಗಲೂ ಚೀಲದಾಗ ಇಟಗೊಂಡಿರ್ತಾಳ.

ಧಾರವಾಡದ ಅಡಗಿಮನಿಯಾಗ ಶೇಂಗಾ ಎಲ್ಲಿಲ್ಲ ಹೇಳ್ರಿ? ಎಣ್ಣಿ ಅದರದ್ದು, ಚಟ್ನಿಪುಡಿ ಅದರದ್ದು, ಎಣಗಾಯಿ ಮಸಾಲಿ ಅದರದ್ದು, ಹೋಳಗಿ ಅದರದ್ದು. ಒರಳಿನ ತೂತಿನಾಗ, ಮಿಕ್ಸಿ ರಬ್ಬರಿನಾಗ, ಒಗ್ಗರಣಿ ಸೌಟಿನ ಸಂದಿಯಾಗ ಕುಂತಿರ್ತದ. ಎರಡು ದಿನ ನನಗ ನಿದ್ದಿ ಹತ್ತಲಿಲ್ಲ. ಹೋಟೆಲ್ಲಿಗೆ ಕರಕೊಂಡು ಹೋಗೋಣ ಅಂದ್ರ ಅಲ್ಲಿ ಒಳಗೇನು ನಡೀತದ ಅಂತ ನಮಗೇನು ಗೊತ್ತು? ಮನಿ ಅಡಗಿಗೆ ಕಡೀಕ ನಾ ಒಬ್ಬಾಕಿ ಜವಾಬ್ದಾರಿ.

ಸಂಕ್ರಮಣದ ಮರುದಿನ ಮನ್ಯಾಗಿನ ಶೇಂಗಾ ಎಲ್ಲಾ ಡಬ್ಬಿ ಸಮೇತ ತಂಗಿ ಮನಿಗೆ ಹೋತು. ಕಪಾಟು, ಕಟ್ಟಿ, ಗ್ಯಾಸ್ ಸೋಪು ಹಚ್ಚಿ ಎರಡೆರಡು ಸಲ ತೊಳದೆ. ಕಟ್ಟಿಗಿ ಸೌಟು, ಮಣಿ, ಒರಳು ಅಟ್ಟಕ್ಕೇರಿಸಿದೆ. ಮಿಕ್ಸಿಗೆ ಹೊಸಾ ಜಾರು, ಹೊಸಾ ಹಂಚು, ಸ್ಟೀಲಿನ ಭಾಂಡಿ ಮಾತ್ರ. ಎಣ್ಣಿ ಸೂರ್ಯಕಾಂತಿದು, ಮುಚ್ಚಳ ಒಡೀದ ಡಬ್ಬಿ, ಆಕಿ ಮುಂದ ಒಡಿಯೋಣಂತ ಹಂಗ ಇಟ್ಟೆ. ಗಿರಣಿಗೆ ಜ್ವಾಳಾ ನಾನ ಒಯ್ದು, ಮುಂಜಾನೆ ಮೊದಲ ಪಾಳಿ ಹಾಕಿಸ್ಕೊಂಡು ಬಂದೆ. ಎಣಗಾಯಿಗೆ ಎಳ್ಳು, ಒಣಕೊಬ್ಬರಿ. ಎಳ್ಳು ನಡೀತದೇನು ಅಂತ ಮೊದಲ ಕೇಳಿಸಿದ್ದೆ. ಗುರೆಳ್ಳು ಹಿಂಡಿ ಮಾಡೋ ಆಸೆ ಇತ್ತು, ಆದ್ರ ಆಕಿ ಜನ್ಮದಾಗ ಗುರೆಳ್ಳು ತಿಂದಿಲ್ಲಂತ, ಅದನ್ನೂ ಬಿಟ್ಟೆ. ಹೊಸ ರುಚಿ ತೋರಿಸೋ ದಿನ ಅದಲ್ಲ.

ಬಂದ್ರು. ಘಟ್ಟದ ತಿರುವಿಗೆ ಬ್ರೆಜಿಲ್ಲಿನವಗ ಹೊಟ್ಟಿ ತೊಳಸಿತ್ತು, ಲಿಂಬಿಹಣ್ಣಿನ ಪಾನಕ ಕೊಟ್ಟೆ. ವಾರ್ಸಾದ ಹುಡುಗಿನ್ನ ಒಳಗ ಕರದು, ಮಗಳ ಬಾಯಿಲೆ ಎಲ್ಲಾ ಹೇಳಿಸಿದೆ. ಏನೇನು ತೊಳದೀನಿ, ಏನೇನು ಹೊಸದು, ಈ ಮನ್ಯಾಗ ಮೊನ್ನಿ ತನಕ ಶೇಂಗಾ ಇತ್ತು ಅನ್ನೋದನ್ನೂ ಮುಚ್ಚಲಿಲ್ಲ. ತಿನ್ನು ಅಂತ ಒತ್ತಾಯ ಮಾಡಲಿಲ್ಲ. ಬ್ಯಾಡ ಅನಿಸಿದ್ರ ಬಾಳಿಹಣ್ಣು, ಮೋಸಂಬಿ, ಎಳನೀರು ಬ್ಯಾರೆ ಇಟ್ಟಿದ್ದೆ, ಸಿಪ್ಪಿ ತಾನ ಸುಲಕೋಬೇಕು. ಆಕಿ ಎಣ್ಣಿ ಡಬ್ಬಿ ತಿರುವಿ ತಿರುವಿ ಓದಿದ್ಲು. ಹಂಚು ನೋಡಿದ್ಲು. ಆಮ್ಯಾಲೆ ಚಾಪಿ ಮ್ಯಾಲೆ ಕುಂತು, ಇಂಜೆಕ್ಷನ್ ಪೆನ್ನು ತಾಟಿನ ಬಲಕ್ಕ ಉಪ್ಪಿನ ಹಂಗ ಇಟಗೊಂಡು, ಬಿಸಿ ರೊಟ್ಟಿ ಮುರದ್ಲು. ನಮ್ಮನಿಯವರು ಆ ಊಟ ಮುಗಿಯೋ ತನಕ ಕಾರಿನ ಕೀಲಿ ಮುಷ್ಟ್ಯಾಗ ಹಿಡಕೊಂಡ ಕುಂತಿದ್ರು, ದವಾಖಾನಿ ದಾರಿ ಹಿಂದಿನ ದಿನನ ಒಮ್ಮೆ ಹೋಗಿ ಬಂದು ನೋಡಿದ್ರು. ಮೂರು ರೊಟ್ಟಿ ತಿಂದ್ಲು ಹುಡುಗಿ. ಏನೂ ಆಗಲಿಲ್ಲ.

ಕೆನ್ಯಾದ ಹುಡುಗ ಅಡಗಿಮನಿ ಬಾಗಲಕ್ಕ ಬಂದು ರೊಟ್ಟಿ ಬಡಿಯೋದು ನೋಡಕೋತ ನಿಂತಿದ್ದ. ಜ್ವಾಳದ ಕಾಳು ಮುಷ್ಟಿಗೆ ಹಿಡದು "ಮ್ತಾಮಾ" ಅಂದ. ಅವರ ಸ್ವಾಹಿಲಿಯಾಗ ಜ್ವಾಳಕ್ಕ ಹಂಗ ಅಂತಾರಂತ. ಊಟ ಆದ ಮ್ಯಾಲೆ ಪ್ಯಾಟಿಗೆ ಹೋಗಿ ಪೇಢೆ ತೊಗೊಂಡ್ರು, ಕೆಲವರು ಗರಗಕ್ಕ ಹೋಗಿ ಧ್ವಜದ ಖಾದಿ ನೇಯೋದು ನೋಡಿ ಬಂದ್ರು. ಬಾಸ್ ಬಾಯಾರು ಮತ್ತ ಬ್ರೆಜಿಲ್ಲಿನವ ಎಲ್ಲೂ ಹೋಗಲಿಲ್ಲ, ನಮ್ಮ ಹಿತ್ತಲದಾಗ ಪೇರಲಗಿಡದ ಕೆಳಗ ಎರಡು ತಾಸು ಮಾತಾಡಿದ್ರು. ಆರು ತಿಂಗಳಿಂದ ಅವರಿಬ್ಬರ ನಡುವ ಸರಿ ಇರಲಿಲ್ಲಂತ, ಮಗಳು ಆಮ್ಯಾಲೆ ಹೇಳಿದ್ಲು. ಅವಾ ಬರಿಯೋದು ಎರಡ ಶಬ್ದ, ಅದನ್ನ ಓದಿದ್ರ ಸಿಟ್ಟಿಲೆ ಬರದಂಗ ಅನಸ್ತಿತ್ತು. ಎದುರಿಗೆ ನೋಡಿದ್ರ ಮನಿಶ್ಯಾನ ಅಷ್ಟು ಮಾತಾಡೋದು, ಭಾಳ ಸಂಕೋಚದವ.

ನಮ್ಮಾಕಿ ಆ ದಿನ ಸೆರಗು ಸಿಕ್ಕಿಸಿಕೊಂಡು ಬಡಿಸಿದ್ಲು. ಕೆಲಸ ಬಿಡೋ ಮಾತು ಆಮ್ಯಾಲೆ ಬಂದಿಲ್ಲ, ನಾನೂ ತಗದಿಲ್ಲ. ಮುಂದಿನ ಸಲ ನೈರೋಬಿ ಅಂತ ಆಗ್ಯದ, ಊರಿನ ಪಾಳಿ ಆ ಹುಡುಗಂದು. ಅಲ್ಲಿಂದ ತಿರುಗಿ ಬರೋ ಮುಂದ ಹಳದಿ ಪುಸ್ತಕ ಈ ಸಲ ನಮ್ಮಾಕಿ ಕೈಯಾಗ ಇರಬೇಕು, ಆ ಸೂಜಿ ಎಲ್ಲಾ ದವಾಖಾನಿಯಾಗ ಸಿಗೂದಿಲ್ಲ, ಸರ್ಕಾರ ಗೊತ್ತು ಮಾಡಿದ ಕಡೆ ಮಾತ್ರ. ನಿನ್ನೆ ಅದಕ್ಕ ತಾರೀಖ ತೊಗೊಂಡಾಳ. ಶೇಂಗಾದ ಡಬ್ಬಿ ತಂಗಿ ಮನಿಯಿಂದ ವಾಪಸ್ ಬಂದಾವ, ಒಂದರಾಗ ಅರ್ಧ ಖಾಲಿ ಆಗಿತ್ತು. ನಾ ಏನೂ ಕೇಳಲಿಲ್ಲ.