ನಾಲೆ ಕಟ್ಟಿದ ಪಟ್ಟಣ

ಬೆಂಗಳೂರಿನಿಂದ ಮೈಸೂರಿಗೆ ಹೊರಟ ಪ್ರವಾಸಿಗೆ ಮಂಡ್ಯವು ಇಳಿದು ನೋಡಬೇಕಾದ ಊರೆಂದು ತೋರುವುದು ಅಪರೂಪ. ಅವನ ಮನಸ್ಸೆಲ್ಲ ಶ್ರೀರಂಗಪಟ್ಟಣದ ಕೋಟೆಯ ಮೇಲೆ, ಮೈಸೂರಿನ ಅರಮನೆಯ ಮೇಲೆ. 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯಂತೂ ಪಟ್ಟಣವನ್ನು ಪಕ್ಕಕ್ಕೆ ಬಿಟ್ಟೇ ಸಾಗುತ್ತದೆ. ಕೋಟೆಯಿಲ್ಲ, ಅರಮನೆಯಿಲ್ಲ, ಅಲ್ಲಿ ನೋಡುವುದಕ್ಕೇನಿದೆ ಎಂದು ಕೇಳುವವರು ಮೊದಲು ನಾಲೆಯ ಏರಿಯ ಮೇಲೆ ನಿಂತು ನೋಡಬೇಕು.

ಊರೇನೋ ಹಳೆಯದೇ. 1516ರಲ್ಲಿ ವಿಜಯನಗರದ ಕೃಷ್ಣದೇವರಾಯನು ಇದನ್ನು ಗೋವಿಂದರಾಜನೆಂಬ ಶ್ರೀವೈಷ್ಣವನಿಗೆ ಅಗ್ರಹಾರವಾಗಿ ಕೊಟ್ಟನು. ಮಾಂಡವ್ಯ ಋಷಿಯ ತಪೋಭೂಮಿಯೆಂಬ ಐತಿಹ್ಯವೂ ಉಂಟು. ಹೆಸರಿಗೊಬ್ಬ ಋಷಿಯನ್ನು ಹೊಂದಿಸಿಕೊಳ್ಳದ ಊರು ನಮ್ಮಲ್ಲಿ ವಿರಳವಷ್ಟೆ. ಆದರೆ ಈಗಿನ ಮಂಡ್ಯವನ್ನು ಕಟ್ಟಿದ್ದು ರಾಯನೂ ಅಲ್ಲ, ಋಷಿಯೂ ಅಲ್ಲ, ಕಾವೇರಿಯ ನೀರು.

1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಎಡದಂಡೆಯಿಂದ ಹೊರಟ ನಾಲೆಗೆ ಹುಲಿಕೆರೆಯ ಬಳಿ ಗುಡ್ಡ ಅಡ್ಡವಾಯಿತು. ಎಂಜಿನಿಯರರು ಗುಡ್ಡವನ್ನೇ ಕೊರೆದು, ಸುಮಾರು ಎರಡೂಮುಕ್ಕಾಲು ಕಿಲೋಮೀಟರು ಸುರಂಗದೊಳಗೆ ನೀರನ್ನು ಹಾಯಿಸಿದರು. ಮೊದಲು ವೈಸರಾಯ್ ಇರ್ವಿನ್ನನ ಹೆಸರು ಹೊತ್ತಿದ್ದ ಅದು ಈಗ ವಿಶ್ವೇಶ್ವರಯ್ಯ ನಾಲೆ. ಜನರ ಬಾಯಲ್ಲಿ ಬರಿಯ ವಿ.ಸಿ. ನಾಲೆ. ಮಳೆಯನ್ನೇ ನೆಚ್ಚಿ ರಾಗಿ ಬಿತ್ತುತ್ತಿದ್ದ ಬಯಲಿನಲ್ಲಿ ಬತ್ತ ಬೆಳೆಯಿತು, ಕಬ್ಬು ಬೆಳೆಯಿತು. ಬೆಳೆದ ಕಬ್ಬನ್ನು ಕೊಳ್ಳುವವರು ಯಾರು? ಕೆನಡಾ ದೇಶದಿಂದ ಬಂದು ಮೈಸೂರಿನ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಬೆಂಬಲವಾಗಿ ನಿಂತರು. ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, 1933ರಲ್ಲಿ, ಮೈಸೂರು ಸಕ್ಕರೆ ಕಂಪೆನಿ ಸ್ಥಾಪಿತವಾಯಿತು. 1939ರ ಜುಲೈ 1ರಂದು ಹೊಸ ಜಿಲ್ಲೆಯೇ ಉದಯಿಸಿ ಮಂಡ್ಯವು ಅದರ ಕೇಂದ್ರವಾಯಿತು. ಒಂದು ಕಾಲದ ರಾಜಧಾನಿ ಶ್ರೀರಂಗಪಟ್ಟಣ ಅದರಲ್ಲೊಂದು ತಾಲ್ಲೂಕು! ಚರಿತ್ರೆಗೂ ವಿನೋದಪ್ರಿಯತೆಯಿದೆ.

ಮುಂದೆ ಪಟ್ಟಣಕ್ಕೆ ಕಾಲೇಜುಗಳು ಬಂದವು, ಕೆ. ವಿ. ಶಂಕರಗೌಡರ ಪ್ರಯತ್ನದಿಂದ 1962ರಲ್ಲಿ ಎಂಜಿನಿಯರಿಂಗ್ ಕಾಲೇಜೂ ಬಂದಿತು. ಸಾಹಿತ್ಯ ಸಮ್ಮೇಳನವು 1974, 1994, 2024ರಲ್ಲಿ, ಮೂರು ಬಾರಿ, ಇಲ್ಲಿ ನೆರೆಯಿತು. ಆದರೂ ಊರಿನ ನಾಡಿ ಬಡಿಯುವುದು ಕಾರ್ಖಾನೆಯ ಚಿಮಣಿಯಲ್ಲೇ. ಕೆಲವು ವರ್ಷ ಅದು ಕಬ್ಬು ಅರೆಯುವುದನ್ನು ನಿಲ್ಲಿಸಿದಾಗ ಸಂಕಟ ಪಟ್ಟಣದ ಎಲ್ಲೆಯಲ್ಲೇ ನಿಲ್ಲಲಿಲ್ಲ. ಕಟಾವಿಗೆ ಬಂದ ಕಬ್ಬು ಕಾಯುವುದಿಲ್ಲ. ದಿನ ಕಳೆದಂತೆ ಅದರ ತೂಕ ಇಳಿಯುತ್ತದೆ, ಸಾಲದ ಬಡ್ಡಿ ಏರುತ್ತದೆ. ಕೊತ್ತತ್ತಿಯಂಥ ಹೋಬಳಿಯ ಬೆಳೆಗಾರನಿಗೆ ದೂರದ ಕಾರ್ಖಾನೆಯ ಸಾಗಣೆ ವೆಚ್ಚವೋ, ಆಲೆಮನೆಯವನು ಹೇಳಿದ ಬೆಲೆಯೋ, ಎರಡರಲ್ಲೊಂದೇ ಗತಿ.

2022ರಲ್ಲಿ ಯಂತ್ರಗಳು ಮತ್ತೆ ತಿರುಗಿದವು. ಹಂಗಾಮಿನಲ್ಲಿ ಮಂಡ್ಯಕ್ಕೆ ಹೋದವರಿಗೆ ದಾರಿ ಕೇಳುವ ಅಗತ್ಯವಿಲ್ಲ. ಕಬ್ಬು ಹೇರಿಕೊಂಡು ಹೋಗುವ ಗಾಡಿಗಳ ಹಿಂದೆ ನಡೆದರೆ ಸಾಕು.