ಹಳೆಯ ದೋಣಿಯ ಪರೀಕ್ಷೆ

ಗಂಗೊಳ್ಳಿಯಿಂದ ಕುಂದಾಪುರಕ್ಕೆ ಹೊಳೆ ದಾಟಲೆಂದು ನಮ್ಮಾಕೆಯ ಬಳೆಗಳನ್ನು ಮಾರಿ ಹಳೆಯ ದೋಣಿಯೊಂದನ್ನು ಕೊಂಡೆವು. ಮುನ್ನವೇ ವೃದ್ಧ ಆಚಾರಿಯೊಬ್ಬರು ಅದನ್ನು ನೀರಿನಲ್ಲಿದ್ದಂತೆಯೇ ಪರೀಕ್ಷಿಸಿ, “ಹೆಬ್ಬಲಸಿನ ಹಲಗೆ, ಒಳಗೆಲ್ಲ ಗಟ್ಟಿ; ದಡಕ್ಕೆಳೆಯದೆ ಅಡಿಯ ಮಾತು ಹೇಳಲಾರೆ” ಎಂದಿದ್ದರು. ನಾವು ಮೊದಲರ್ಧವನ್ನಷ್ಟೇ ಕೇಳಿಸಿಕೊಂಡೆವು! ಹೊಸ ಬಣ್ಣವೂ ಕಣ್ಣು ಕಟ್ಟಿತ್ತು.

ತಿಂಗಳೊಳಗೆ ದೋಣಿಗೆ ನೀರು ಜಿನುಗತೊಡಗಿತು. ದಡಕ್ಕೆಳೆದು ನೋಡಿದರೆ ಅಡಿಹಲಗೆಯಲ್ಲಿ ಗುಂಡುಸೂಜಿಯ ತಲೆಯಷ್ಟು ರಂಧ್ರಗಳು. ಆಚಾರಿಯವರು ಉಳಿಯ ಹಿಡಿಯಿಂದ ತಟ್ಟಿದರು, ಟೊಳ್ಳು ಸದ್ದು. ಉಪ್ಪುನೀರಿನ ಕೊರೆಹುಳು ಮರಿಯಾಗಿದ್ದಾಗ ಹೊಕ್ಕು, ಒಳಗೇ ಬೆಳೆಯುತ್ತ ಸುರಂಗವನ್ನು ಹಿಗ್ಗಿಸುತ್ತದೆ. ಬಾಗಿಲು ಮಾತ್ರ ಕಿರಿದಾಗಿಯೇ ಉಳಿಯುತ್ತದೆ. ನಾಲ್ಕು ಹಲಗೆಗಳನ್ನು ಬದಲಿಸಬೇಕಾಯಿತು.

ಮಾರಿದವನನ್ನು ದೂರೋಣವೆಂದರೆ, ಅಡಿ ತೋರಿಸಲು ಅವನು ಒಲ್ಲೆನೆಂದಿರಲಿಲ್ಲ, ನಾವೇ ಕೇಳಿರಲಿಲ್ಲ. ಬಳೆಗಳ ಮಾತನ್ನು ನಮ್ಮಾಕೆ ಇನ್ನೂ ಎತ್ತಿಲ್ಲ.