ತಂಗಿಯ ಫೈಲು

ನಾನು ಪತ್ರಿಕೋದ್ಯಮ ಓದಿದ್ದು ಆಸೆಪಟ್ಟು ಅಲ್ಲ. ಒಂದು ಸಹಿ ಇರಲಿಲ್ಲ, ಅದಕ್ಕೆ.

2016ರಲ್ಲಿ ದ್ವಿತೀಯ ಪಿಯುಸಿ ವಿಜ್ಞಾನ ಮುಗಿಸಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಬಿಎಸ್ಸಿ ಅಗ್ರಿ ಓದಬೇಕು ಅಂತ ಹೈಸ್ಕೂಲಿನಿಂದಲೂ ತಲೆಯಲ್ಲಿತ್ತು. ಊರಿನವರ ಜೊತೆ ಟೆಂಪೋ ಹತ್ತಿ ಅಲ್ಲಿನ ಕೃಷಿ ಮೇಳಕ್ಕೆ ಹೋಗುತ್ತಿದ್ದೆವು. ಅಪ್ಪ ಬೀಜ, ಗೊಬ್ಬರದ ಅಂಗಡಿ ಸುತ್ತುತ್ತಿದ್ದರೆ ನಾನು ಬಿಳಿ ಕೋಟು ಹಾಕಿಕೊಂಡು ವಿವರಿಸುವ ಹುಡುಗ ಹುಡುಗಿಯರನ್ನು ನೋಡುತ್ತಾ ನಿಲ್ಲುತ್ತಿದ್ದೆ.

ಸಿಇಟಿಯಲ್ಲಿ ಬಂದ ರ್‍ಯಾಂಕು ಹೇಳಿಕೊಳ್ಳುವಂಥದ್ದಲ್ಲ, ಬಿಸಾಕುವಂಥದ್ದೂ ಅಲ್ಲ. ಆದರೆ ನನಗೆ ಗ್ರಾಮೀಣ ಕೋಟಾ ಇತ್ತು. 1ರಿಂದ 10ನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಶೇ 15 ಸೀಟು ಮೀಸಲು. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ನಾನು ಏಳನೇ ತರಗತಿವರೆಗೆ ನಮ್ಮೂರಲ್ಲಿ, ಮುಂದಿನ ಮೂರು ವರ್ಷ ಪಕ್ಕದೂರಿನ ಹೈಸ್ಕೂಲಿನಲ್ಲಿ ಓದಿದವನು. ಅಂದರೆ ಎರಡು ಶಾಲೆ, ಎರಡು ವ್ಯಾಸಂಗ ಪ್ರಮಾಣಪತ್ರ. ಎರಡಕ್ಕೂ ಮುಖ್ಯ ಶಿಕ್ಷಕರ ಸಹಿ, ಅದರ ಮೇಲೆ ಬಿಇಒ ಮೇಲುಸಹಿ ಬೇಕು.

ದಾಖಲೆ ಪರಿಶೀಲನೆಗೆ ಹೋದಾಗ ಟೇಬಲ್ಲಿನ ಆಚೆ ಕೂತವರು ಹಾಳೆ ತಿರುವಿ ಹೇಳಿದರು: "ತಮ್ಮಾ, ಹೈಸ್ಕೂಲಿನದಕ್ಕ ಬಿಇಒ ಸಹಿನೇ ಇಲ್ಲಲ್ಲೋ."

ನಿಜವಾಗಿಯೂ ಇರಲಿಲ್ಲ. ಒಂದಕ್ಕೆ ಮಾಡಿಸಿಕೊಂಡು ಬಂದವನು ಇನ್ನೊಂದಕ್ಕೂ ಬೇಕು ಅಂತ ತಿಳಿದಿರಲಿಲ್ಲ. ಬಸ್ಸು ಹಿಡಿದು ತಾಲ್ಲೂಕಿಗೆ ಬಂದಾಗ ನಾಲ್ಕೂವರೆ ಗಂಟೆ. ಸಾಹೇಬರು ಮೀಟಿಂಗಿಗೆ ಹೋಗಿದ್ದರು. ಮರುದಿನ ಎರಡನೇ ಶನಿವಾರ, ಆಮೇಲೆ ಭಾನುವಾರ. ಸೋಮವಾರ ಸಹಿ ಬಿತ್ತು, ಅಷ್ಟರಲ್ಲಿ ಪರಿಶೀಲನೆಯೇ ಮುಗಿದಿತ್ತು. ಗ್ರಾಮೀಣ ಕೋಟಾ ಕೈಬಿಟ್ಟು ನನ್ನನ್ನು ಬರೀ ಜಾತಿ ಕೋಟಾದಲ್ಲಿ ಉಳಿಸಿಕೊಂಡರು. ಕೊನೆಯ ಸುತ್ತಾದ ಮೇಲೆ ಕಟ್ ಆಫ್ ಪಟ್ಟಿ ತೆಗೆದು ನೋಡಿದೆ. ನೋಡಬಾರದಿತ್ತು. ನಮ್ಮ ವರ್ಗದ ಪಕ್ಕ 'ಆರ್' ಅಕ್ಷರವಿದ್ದ ಕಾಲಂನಲ್ಲಿ ನನಗಿಂತ ಹಿಂದಿನ ರ್‍ಯಾಂಕಿಗೂ ಸೀಟು ಹೋಗಿತ್ತು.

ಇದರಲ್ಲಿ ಯಾರ ತಪ್ಪು ಅಂತ ಬಹಳ ದಿನ ಹುಡುಕಿದೆ. ಪಿಯುಸಿ ಎರಡು ವರ್ಷ ನಾವು ಪಾಠ ಮಾತ್ರ ಓದುತ್ತೇವೆ. ಕಾಗದ ಪತ್ರದ ಬಗ್ಗೆ ನಮಗೆ ಯಾರೂ ಪಾಠ ಮಾಡುವುದಿಲ್ಲ. ಪೇಟೆ ಮಕ್ಕಳಿಗೆ ಅದನ್ನು ಕೋಚಿಂಗ್‌ನವರು ಮಾಡಿಕೊಡುತ್ತಾರೆ, ಇಲ್ಲವೇ ಓದಿದ ಅಪ್ಪ ಅಮ್ಮ ಇರುತ್ತಾರೆ.

ಅದಕ್ಕೇ ನಮ್ಮ ಮನೆಯ ಕೊನೆಯವಳು, ನನ್ನ ತಂಗಿ, ಪಿಯುಸಿ ಸೈನ್ಸ್ ಸೇರಿದ ತಿಂಗಳೇ ನಾನೊಂದು ಪ್ಲಾಸ್ಟಿಕ್ ಫೈಲು ತಂದೆ. ಮೊದಲ ವರ್ಷದ ದಸರಾ ರಜೆಯಲ್ಲೇ ಎಲ್ಲ ಕಾಗದ ಹರಡಿಕೊಂಡು ಕೂತೆವು. ಕೂತ ಮೇಲೆ ಗೊತ್ತಾಗಿದ್ದು, ಅಪ್ಪನ ಹೆಸರು ಅವಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಅಪ್ಪ' ಅಂತ ಮುಗಿದರೆ ಆಧಾರ್‌ನಲ್ಲಿ 'ರಾಜ' ಅಂತ ಮುಗಿಯುತ್ತಿತ್ತು. ರೇಷನ್ ಕಾರ್ಡಿನಲ್ಲಿ ಎರಡೂ ಇಲ್ಲ, ಮೂರನೆಯದೇ ಒಂದು. ಅಪ್ಪನಿಗೆ ನಗು. "ನಾ ಒಬ್ಬನ ಅದೀನಪಾ, ಹೆಸರ ಯಾವುದರ ಇರವಲ್ದ್ಯಾಕ" ಅಂದ. ಸರಿಮಾಡಿಸಲು ನಾಲ್ಕು ತಿಂಗಳು ಬೇಕಾಯಿತು. ದ್ವಿತೀಯ ಪಿಯುಸಿಯ ಮಾರ್ಚಿನಲ್ಲಿ ಇದು ಗೊತ್ತಾಗಿದ್ದರೆ ಏನಾಗುತ್ತಿತ್ತು ನೀವೇ ಲೆಕ್ಕ ಹಾಕಿ.

ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಹೊಸದಾಗಿ ತೆಗೆಸಿದೆವು. ಅದರ ಮೇಲೆ ಆರ್‌ಡಿ ಅಂತ ಶುರುವಾಗುವ ಸಂಖ್ಯೆ ಇರುತ್ತದೆ. ಸಿಇಟಿ ಅರ್ಜಿಗೂ ಅದೇ, ವಿದ್ಯಾರ್ಥಿವೇತನದ ಅರ್ಜಿಗೂ ಅದೇ. ಒಂದು ಅಂಕಿ ತಪ್ಪಿದರೂ ಕಂಪ್ಯೂಟರು ಒಪ್ಪುವುದಿಲ್ಲ. ಅವಳದ್ದೂ ಎರಡು ಶಾಲೆಯ ವ್ಯಾಸಂಗ ಪ್ರಮಾಣಪತ್ರ. ಈ ಸಲ ಎರಡಕ್ಕೂ ಬಿಇಒ ಸಹಿ, ಸೀಲು. ಮನೆಗೆ ಬಂದು ಮೂರು ಸಲ ನೋಡಿದೆ.

ಸಿಇಟಿ ಹಳೆ ಪ್ರಶ್ನೆಪತ್ರಿಕೆಗಳನ್ನೂ ತಂದುಕೊಟ್ಟೆ. ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು. ನಾನು ನನ್ನ ಕಾಲಕ್ಕೆ ಹನ್ನೊಂದು ಪ್ರಶ್ನೆ ಖಾಲಿ ಬಿಟ್ಟು ಬಂದಿದ್ದೆ, ಗೊತ್ತಿಲ್ಲದ್ದನ್ನು ಬರೆಯಬಾರದು ಅನ್ನುವ ಮರ್ಯಾದೆಗೆ! ಸೀಟು ಹಂಚಿಕೆಯಾದ ಮೇಲೆ ಆರಿಸಬೇಕಾದ ನಾಲ್ಕು 'ಚಾಯ್ಸ್' ಬಗ್ಗೆಯೂ ಹೇಳಿದೆ. ಒಂದನೆಯದು, ಸೀಟು ಒಪ್ಪಿದೆ, ಸೇರುತ್ತೇನೆ. ಎರಡನೆಯದು, ಇದು ಇರಲಿ, ಇನ್ನೂ ಒಳ್ಳೆಯದು ಬಂದರೆ ನೋಡೋಣ. ಮೂರನೆಯದು, ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ. ನಾಲ್ಕನೆಯದು, ನಾನು ಹೊರಗೆ. ಅಲ್ಲಿ ಬೆರಳು ತಪ್ಪಿದರೆ ಕೈಗೆ ಬಂದ ಸೀಟು ಹೋಗುತ್ತದೆ.

ಎಲ್ಲ ಕೇಳಿಸಿಕೊಂಡಳು. ಆಮೇಲೆ ಒಂದು ರಾತ್ರಿ, ಊಟ ಮಾಡುವಾಗ ಕೇಳಿದಳು:

"ಅಣ್ಣಾ, ಅಗ್ರಿ ಓದಬೇಕು ಅಂತ ನಾ ಯಾವಾಗ ಹೇಳೀನಿ?"

ನನಗೆ ತುತ್ತು ಗಂಟಲಲ್ಲೇ ನಿಂತಿತು. ಅವಳು ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಒಂದೂವರೆ ವರ್ಷ ಆ ಫೈಲಿನಲ್ಲಿ ನಾನು ಜೋಡಿಸಿದ್ದು ನನ್ನದೇ ಕಳೆದುಹೋದ ಸೀಟಿಗೆ ಬೇಕಾದ ಕಾಗದ.

ಅವಳಿಗೆ ಗಣಿತದ ಟೀಚರ್ ಆಗಬೇಕಂತೆ. ಅವಳ ಹೈಸ್ಕೂಲಿನ ಗಣಿತ ಮೇಡಂ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಓದಿದವರು. ಅದು ಎನ್‌ಸಿಇಆರ್‌ಟಿಗೆ ಸೇರಿದ್ದು. ಪಿಯುಸಿ ಮುಗಿಸಿದವರು ಅಲ್ಲಿ ಬಿಎಸ್ಸಿ, ಬಿಎಡ್ ಎರಡನ್ನೂ ಸೇರಿಸಿ ನಾಲ್ಕು ವರ್ಷದಲ್ಲಿ ಮುಗಿಸಬಹುದು. ಅದಕ್ಕೆ ಸಿಇಟಿ ರ್‍ಯಾಂಕು ನಡೆಯುವುದಿಲ್ಲ. ಬೇರೆ ಪ್ರವೇಶ ಪರೀಕ್ಷೆ, ಬೇರೆ ಅರ್ಜಿ, ಬೇರೆ ಕೊನೆ ದಿನಾಂಕ. ನಾನು ಊರಿನ ಹತ್ತು ಮಕ್ಕಳಿಗೆ ಸಿಇಟಿ ಬಗ್ಗೆ ಭಾಷಣ ಮಾಡಿದವನು, ಇದರ ಹೆಸರನ್ನೂ ಕೇಳಿರಲಿಲ್ಲ. ಹಳ್ಳಿಯಲ್ಲಿ ಸೈನ್ಸ್ ಅಂದರೆ ಡಾಕ್ಟರು, ಎಂಜಿನಿಯರು, ತಪ್ಪಿದರೆ ಅಗ್ರಿ. ಅಲ್ಲಿಗೆ ನಮ್ಮ ಪಟ್ಟಿ ಮುಗಿಯುತ್ತದೆ. ಕಲಬುರಗಿಯ ಹತ್ತಿರ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ಅಲ್ಲಿ ಪದವಿಗೆ ಸೇರಲು ಸಿಯುಇಟಿ ಅನ್ನುವ ಪರೀಕ್ಷೆ ಇದೆ, ಅದನ್ನು ಕನ್ನಡದಲ್ಲೂ ಬರೆಯಬಹುದು ಅನ್ನುವುದನ್ನೂ ಅವಳೇ ನನಗೆ ಹೇಳಿದಳು.

ಅಪ್ಪ ಅಷ್ಟು ದೂರ ಮೈಸೂರು ಯಾಕೆ ಅಂದ. ಅವ್ವ ಏನೂ ಅನ್ನಲಿಲ್ಲ. ನಾನು, ನಿಜ ಹೇಳಬೇಕೆಂದರೆ, ಎರಡು ದಿನ ಅವಳ ಮೇಲೆ ಮುನಿಸಿಕೊಂಡಿದ್ದೆ. ಆಮೇಲೆ ಸಿಇಟಿ ಅರ್ಜಿಯೂ ಇರಲಿ, ಇದೂ ಇರಲಿ ಅಂತ ತೀರ್ಮಾನವಾಯಿತು. ಕಾಗದಗಳು ಹೇಗೂ ತಯಾರಿದ್ದವು.

ಅರ್ಜಿ ಹಾಕಲು ಇಬ್ಬರೂ ತಾಲ್ಲೂಕಿನ ಸೈಬರ್‌ಗೆ ಹೋದೆವು. ಅಂಗಡಿಯ ಹುಡುಗ ಅಭ್ಯಾಸಬಲದಿಂದ ಮೊಬೈಲ್ ನಂಬರಿನ ಜಾಗದಲ್ಲಿ ತನ್ನದೇ ನಂಬರು ಹೊಡೆಯತೊಡಗಿದ. ಎಷ್ಟೋ ಮಕ್ಕಳ ಅರ್ಜಿ ಹೀಗೇ ಆಗುತ್ತದೆ. ಆಮೇಲೆ ಬರುವ ಪ್ರತಿ ಓಟಿಪಿ, ಪ್ರತಿ ಸೂಚನೆ ಅವನ ಫೋನಿಗೆ. ಅವನು ಅಂಗಡಿ ಮುಚ್ಚಿ ಊರಿಗೆ ಹೋದರೆ ನಿಮ್ಮ ಅರ್ಜಿಯೂ ಊರಿಗೆ ಹೋದಂತೆ. ನಾನು ಬಾಯಿ ತೆರೆಯುವ ಮೊದಲೇ ತಂಗಿ, "ಅದು ಬ್ಯಾಡ್ರಿ, ನಮ್ಮವ್ವನ ನಂಬರ್ ಹಾಕ್ರಿ" ಅಂದಳು. ಅವಳಿಗೆ ಫೋನಿಲ್ಲ. ಅವ್ವನ ಗುಂಡಿ ಫೋನೇ ಗತಿ.

ಅವ್ವ ಆ ಹೊತ್ತಿಗೆ ಮೆಣಸಿನಕಾಯಿ ಬಿಡಿಸಲು ಹೊಲಕ್ಕೆ ಹೋಗಿದ್ದಳು. ಅವಳಿಗೆ ಅಕ್ಷರ ಬರುವುದಿಲ್ಲ, ಅಂಕಿ ಬರುತ್ತವೆ. ನನ್ನ ಫೋನಿನಿಂದ ತಂಗಿ ಕರೆ ಮಾಡಿ, ಮೆಸೇಜು ತೆಗೆಯುವುದು ಹೇಗೆ ಅಂತ ಗುಂಡಿ ಗುಂಡಿ ಹೇಳಿಕೊಟ್ಟಳು. ಮೊದಲನೆಯ ಓಟಿಪಿಯ ಸಮಯ ಮುಗಿದುಹೋಯಿತು. ಎರಡನೆಯದು ಬಂತು. ಸಾಲು ಸಾಲು ಹೆಣ್ಣುಮಕ್ಕಳ ಮಾತಿನ ನಡುವೆ ಅವ್ವ ಒಂದೊಂದೇ ಅಂಕಿ ಕೂಗಿ ಹೇಳಿದಳು, ತಂಗಿ ಒಂದೊಂದೇ ಹೊಡೆದಳು. ಆರನೆಯದು ಮುಗಿದ ಮೇಲೂ ಅವ್ವ ಫೋನು ಇಡಲಿಲ್ಲ.

"ಹತ್ತೇನ ಅದು?" ಅಂತ ಕೇಳಿದಳು.

"ಹತ್ತತ್ಯವ್ವ."